ಹೆಚ್ಚಿದ ಹಣ್ಣು ಕೆಡುವ ಮುನ್ನ: ಮನೆಯಲ್ಲಿ ಒಣಹಣ್ಣಿನ ತಿನಿಸು ತಯಾರಿಕೆ – ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಮೈಸೂರು ನಗರದ ಚಾಮರಾಜಪುರಂ ಬಡಾವಣೆಯ ಹಳೆಯ ಮನೆಗಳಲ್ಲಿ ಶಿವರಾತ್ರಿ ಕಳೆದು ಬಿಸಿಲು ಬಲಿತ ಕೂಡಲೇ ತಾರಸಿಯ ಮೇಲೆ ಹಳೆಯ ಪಂಚೆ, ಸೀರೆಗಳನ್ನು ಹಾಸಿ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿಗಳನ್ನು ಒಣಗಿಸುವ ರೂಢಿ ಬಹುಕಾಲದ್ದು. ವರ್ಷಪೂರ್ತಿ ಬೇಕಾಗುವ ಪದಾರ್ಥವನ್ನು ಎರಡು ತಿಂಗಳ ಬಿಸಿಲಿನಲ್ಲಿ ಸಿದ್ಧಪಡಿಸಿಕೊಳ್ಳುವ ಈ ಜಾಣ್ಮೆಯು ಹಳ್ಳಿಯ ಮನೆಗಳಲ್ಲಿಯೂ ಅಷ್ಟೇ ಸಹಜವಾಗಿದೆ. ಆದರೆ ಹಿಟ್ಟು, ಕಾಯಿ ಮತ್ತು ಮೆಣಸಿನಕಾಯಿಗೆ ಸಂದ ಈ ಬಿಸಿಲು ನಮ್ಮ ಬಯಲು ಸೀಮೆಯಲ್ಲಿ ಹಣ್ಣಿಗೆ ಸಂದಿರುವುದು ಕಡಿಮೆ.

ನಂಜನಗೂಡು ಪಟ್ಟಣದಿಂದ ಹೊರಟ ರೈಲು ಕಡಕೊಳ, ಅಶೋಕಪುರಂ ದಾಟಿ ಚಾಮರಾಜಪುರಂ ನಿಲ್ದಾಣವನ್ನು ಮುಟ್ಟುತ್ತದೆ. ಈ ಮಾರ್ಗದ ಒಂದು ತುದಿಯಲ್ಲಿ ಬಾಳೆ ಬೆಳೆಯುವ ಹೊಲಗಳಿವೆ. ಇನ್ನೊಂದು ತುದಿಯಲ್ಲಿ ಮಕ್ಕಳಿಗೆ ತಿಂಡಿಯ ಪೊಟ್ಟಣ ಕೊಳ್ಳುವ ನಗರವಿದೆ. ಬೆಲೆ ಕುಸಿದ ವಾರದಲ್ಲಿ ಕಡಿದ ಗೊನೆಯ ಸಾಗಣೆ ವೆಚ್ಚವೂ ಹುಟ್ಟದೆ ಹಣ್ಣು ಹೊಲದಲ್ಲೇ ಉಳಿಯುವುದನ್ನು ನಂಜನಗೂಡು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಮಾಗಿದ ಬಾಳೆಹಣ್ಣು ಮೂರು ನಾಲ್ಕು ದಿನ ಮಾತ್ರ ಕಾಯುತ್ತದೆ. ಅದೇ ಹಣ್ಣನ್ನು ಕ್ರಮವಾಗಿ ಒಣಗಿಸಿದರೆ ಆರು ತಿಂಗಳವರೆಗೆ ಕಾಯುತ್ತದೆ. ರೈತನು ಮಾರುಕಟ್ಟೆಗಾಗಿ ಕಾಯುವ ಬದಲು ಹಣ್ಣೇ ಕಾಯುವಂತೆ ಮಾಡುವುದು ಒಣಗಿಸುವಿಕೆಯ ಉದ್ದೇಶ.

ಈ ಕೆಲಸವನ್ನು ಸ್ವಸಹಾಯ ಸಂಘಗಳ ಮೂಲಕ ಕೈಗೊಳ್ಳುವ ಬೇಡಿಕೆ ಗ್ರಾಮ ಸಭೆಯಲ್ಲಿ ಬಂದಾಗ ಸದಸ್ಯರು ಸರಿಯಾದ ಪ್ರಶ್ನೆ ಕೇಳಲು ಮತ್ತು ಸರಿಯಾದ ಸಲಹೆ ನೀಡಲು ಅನುಕೂಲವಾಗುವಂತೆ ಇದರ ವಿಧಾನ, ಲೆಕ್ಕ, ಕಾನೂನು ಮತ್ತು ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಕರ್ನಾಟಕದಲ್ಲಿ ಈಗಾಗಲೇ ಇರುವ ಪರಂಪರೆ

ಹಣ್ಣು ಒಣಗಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಶಿರಸಿ ಭಾಗಗಳಲ್ಲಿ ಮಾಗಿದ ಬಾಳೆಹಣ್ಣಿನ ಸಿಪ್ಪೆ ತೆಗೆದು ಇಡಿಯಾಗಿಯೋ ಸೀಳಿಯೋ ಒಣಗಿಸಿದ ‘ಸುಕೇಳಿ’ ಪ್ರಸಿದ್ಧವಾಗಿದೆ. ಅದು ಕಂದು ಬಣ್ಣದ, ಖರ್ಜೂರದಂತೆ ಮೆತ್ತಗಿರುವ ತಿನಿಸು. ಸಕ್ಕರೆ ಬೆರೆಸದಿದ್ದರೂ ಹಣ್ಣಿನ ಸಕ್ಕರೆಯೇ ಸಾಂದ್ರವಾಗಿ ಸಿಹಿಯಾಗುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ತೆಳುವಾಗಿ ಸವರಿ, ಅದು ಒಣಗಿದ ಮೇಲೆ ಮತ್ತೊಂದು ಪದರ ಸವರಿ, ಹೀಗೆ ದಿನಕ್ಕೊಂದು ಪದರದಂತೆ ‘ಮಾಂಬಳ’ ಮಾಡುವ ಪದ್ಧತಿಯಿದೆ. ಮಲೆನಾಡಿನಲ್ಲಿ ಹಲಸು, ಎಲ್ಲೆಡೆ ನೆಲ್ಲಿಕಾಯಿ ಇದೇ ರೀತಿ ಬಿಸಿಲು ಕಂಡಿವೆ. 2021ರಲ್ಲಿ ಬಾಳೆಕಾಯಿಯ ಬೆಲೆ ಕುಸಿದಾಗ ಕರಾವಳಿ ಮತ್ತು ಮಲೆನಾಡಿನ ಗೃಹಿಣಿಯರು ಬಾಳೆಕಾಯಿ ಹುಡಿಯನ್ನು ಮನೆಯಲ್ಲೇ ಮಾಡತೊಡಗಿದರು. ‘ಬಾಕಾಹು’ ಎಂಬ ಚಿಕ್ಕ ಹೆಸರಿನಲ್ಲಿ ಅದು ಮನೆಮಾತಾಯಿತು. ದೊಡ್ಡ ಕಾರ್ಖಾನೆಯಿಲ್ಲದೆ ಅಡುಗೆಮನೆಯಿಂದಲೇ ಬೆಳೆಗೆ ಇನ್ನೊಂದು ದಾರಿ ತೆರೆಯಬಹುದೆಂಬುದಕ್ಕೆ ಅದು ಸಮೀಪದ ನಿದರ್ಶನ.

ಮೈಸೂರು ಜಿಲ್ಲೆಗೆ ಇನ್ನೊಂದು ಅನುಕೂಲವಿದೆ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 1950ರ ಅಕ್ಟೋಬರ್‌ನಿಂದ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕಾರ್ಯನಿರ್ವಹಿಸುತ್ತಿದೆ. ಹಣ್ಣಿನ ಪಟ್ಟಿ, ಒಣಗಿಸಿದ ಹಣ್ಣು ಮೊದಲಾದವುಗಳ ತಂತ್ರಜ್ಞಾನವನ್ನು ಅದು ಅಭಿವೃದ್ಧಿಪಡಿಸಿದೆ. ಸೈನಿಕರ ಆಹಾರದ ಸಲುವಾಗಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಇದೇ ನಗರದಲ್ಲಿದೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ದೇಶದ ಇತರ ಜಿಲ್ಲೆಗಳವರು ದೂರದಿಂದ ಅರಸಿ ಬರುವ ತಿಳಿವಳಿಕೆಯು ನಮ್ಮ ಗ್ರಾಮ ಪಂಚಾಯಿತಿಗಳಿಗೆ ಒಂದು ಬಸ್ಸಿನ ದಾರಿಯಲ್ಲಿದೆ.

ಹಣ್ಣು ಏಕೆ ಕೆಡುತ್ತದೆ, ಒಣಗಿದರೆ ಏಕೆ ಉಳಿಯುತ್ತದೆ

ಮಾಗಿದ ಬಾಳೆಯ ತಿರುಳಿನಲ್ಲಿ ನೂರಕ್ಕೆ ಸುಮಾರು 75 ಭಾಗ ನೀರು. ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಈ ನೀರನ್ನು ಬಳಸಿಯೇ ಬೆಳೆಯುತ್ತವೆ. ತೇವಾಂಶವನ್ನು ನೂರಕ್ಕೆ 20 ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸಿದಾಗ ಉಳಿದ ಅಲ್ಪ ನೀರನ್ನು ಹಣ್ಣಿನ ಸಕ್ಕರೆಯು ಹಿಡಿದಿಟ್ಟುಕೊಳ್ಳುವುದರಿಂದ ಅವುಗಳಿಗೆ ಬೆಳೆಯಲು ಆಸ್ಪದವಿರುವುದಿಲ್ಲ. ಒಣಗಿಸುವುದರಿಂದ ಇರುವ ರೋಗಾಣುಗಳೆಲ್ಲ ಸಾಯುವುದಿಲ್ಲ. ಅವು ಬೆಳೆಯದೆ ತಟಸ್ಥವಾಗಿರುತ್ತವೆ. ಆದ್ದರಿಂದ ಕೊಳಕು ಕೈಯಿಂದ, ಕೊಳಕು ನೀರಿನಿಂದ ಸೇರಿದ ರೋಗಾಣುವು ಒಣಹಣ್ಣಿನಲ್ಲಿಯೂ ಉಳಿದಿರಬಲ್ಲದು. ಶುಚಿತ್ವವು ಮೊದಲ ಹಂತದಿಂದಲೇ ಬೇಕೆನ್ನುವುದು ಈ ಕಾರಣದಿಂದ.

ಒಣಗುವುದಕ್ಕೆ ಶಾಖ, ಒಣ ಗಾಳಿ, ಗಾಳಿಯ ಚಲನೆ ಮೂರೂ ಬೇಕು. ಶಾಖವು ನೀರನ್ನು ಆವಿಯಾಗಿಸುತ್ತದೆ, ಒಣ ಗಾಳಿಯು ಆವಿಯನ್ನು ಹೀರುತ್ತದೆ, ಗಾಳಿಯ ಚಲನೆಯು ಅದನ್ನು ಹೊರಗೆ ಸಾಗಿಸುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಹಣ್ಣು ಒಣಗುವ ಬದಲು ಹುಳಿಯುತ್ತದೆ. ಬರಿಯ ಬಿಸಿಲಿನಲ್ಲಿ ಒಣಗಿಸಲು ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದು, ಗಾಳಿಯ ತೇವಾಂಶ ನೂರಕ್ಕೆ 60ಕ್ಕಿಂತ ಕಡಿಮೆಯಿರಬೇಕು. ನಮ್ಮ ಜಿಲ್ಲೆಯಲ್ಲಿ ಇದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳಲ್ಲಿ ದೊರೆಯುತ್ತದೆ. ಮಾವು ಮತ್ತು ಹಲಸು ಬರುವ ವೇಳೆಗೆ ಮುಂಗಾರು ಪೂರ್ವದ ಮಳೆ ಆರಂಭವಾಗಿರುತ್ತದೆಂಬುದನ್ನು ಮರೆಯಲಾಗದು.

ಶಾಖ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. 55ರಿಂದ 60 ಡಿಗ್ರಿ ಸೂಕ್ತ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಹೋಳಿನ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ನೀರು ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಅಂಥ ಹೋಳು ಮುಟ್ಟಲು ಒಣಗಿದಂತಿದ್ದು, ಹದಿನೈದು ದಿನಗಳಲ್ಲಿ ಪೊಟ್ಟಣದೊಳಗೆ ಬೂಷ್ಟು ಹಿಡಿಯುತ್ತದೆ.

ಯಾವ ಹಣ್ಣು ಯಾವುದಕ್ಕೆ

ಬಾಳೆ: ಏಲಕ್ಕಿ, ನೇಂದ್ರ, ಪಚ್ಚಬಾಳೆ ಮೂರನ್ನೂ ಒಣಗಿಸಬಹುದು. ಸಿಪ್ಪೆ ಪೂರ್ಣ ಹಳದಿಯಾಗಿ, ತಿರುಳು ಇನ್ನೂ ಬಿಗಿಯಾಗಿರುವ ಹದ ಉತ್ತಮ. ಕಾಯಿ ಹದದಲ್ಲಿದ್ದರೆ ಒಗರಾಗುತ್ತದೆ. ಅತಿ ಮಾಗಿದ್ದರೆ ಹೋಳು ನಿಲ್ಲದೆ ಅಂಟಾಗುತ್ತದೆ. ಅತಿ ಮಾಗಿದ ಹಣ್ಣನ್ನು ಎಸೆಯದೆ ಹಣ್ಣಿನ ಪಟ್ಟಿಗೆ ಬಳಸಬಹುದು. ಕೊಳೆತ ಹಣ್ಣನ್ನು ಯಾವುದಕ್ಕೂ ಬಳಸಲಾಗದು.

ಮಾವು: ಹೋಳಿಗೆ ನಾರು ಕಡಿಮೆಯಿರುವ ಜಾತಿ ಬೇಕು. ನಾರಿನ ಹಣ್ಣಿನ ರಸವನ್ನು ಸೋಸಿ ಮಾಂಬಳಕ್ಕೆ ಬಳಸಬಹುದು.

ಹಲಸು: ಗಟ್ಟಿ ತೊಳೆಯ ಬಕ್ಕೆ ಹಲಸು ಹೋಳಿಗೆ, ಮೆತ್ತನೆಯ ಅಂಬಲಿ ಹಲಸು ಪಟ್ಟಿಗೆ ಹೊಂದುತ್ತದೆ.

ಸಪೋಟ ಮತ್ತು ಪರಂಗಿ: ಸಪೋಟವನ್ನು ಬೀಜ ತೆಗೆದು ನಾಲ್ಕು ಸೀಳಾಗಿ ಒಣಗಿಸಬಹುದು. ಪರಂಗಿಯಲ್ಲಿ ನೀರು ಹೆಚ್ಚು, ಹುಳಿ ಕಡಿಮೆ. ನಿಂಬೆರಸ ಬೆರೆಸಿ ಪಟ್ಟಿ ಮಾಡುವುದು ಲೇಸು.

ನೆಲ್ಲಿಕಾಯಿ: ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಬೇಯಿಸಿದರೆ ಎಸಳುಗಳು ತಾವಾಗಿ ಬಿಡುತ್ತವೆ. ಬೀಜ ತೆಗೆದು ಉಪ್ಪು, ಶುಂಠಿ, ಜೀರಿಗೆ ಬೆರೆಸಿ ಒಣಗಿಸಿದರೆ ನೆಲ್ಲಿ ಅಡಿಕೆ ಸಿದ್ಧವಾಗುತ್ತದೆ. ನೆಲ್ಲಿಯ ಕಾಲವು ಚಳಿಗಾಲವಾದುದರಿಂದ ಮಳೆಯ ಭಯ ಕಡಿಮೆ. ಹೊಸ ಸಂಘವು ಕೈ ಪಳಗಿಸಿಕೊಳ್ಳಲು ಇದು ಒಳ್ಳೆಯ ಆರಂಭ.

ತಯಾರಿಕೆಯ ಕ್ರಮ

ಬಾಳೆಯನ್ನು ಉದಾಹರಣೆಯಾಗಿಟ್ಟುಕೊಂಡು ಹಂತಗಳನ್ನು ಕೆಳಗೆ ನೀಡಲಾಗಿದೆ.

1. ಕೆಲಸದವರು ಕೈಯನ್ನು ಸಾಬೂನಿನಿಂದ ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕೈಯಲ್ಲಿ ಗಾಯವಿರುವವರು, ಭೇದಿ ಅಥವಾ ಜ್ವರದಿಂದ ಬಳಲುವವರು ಅಂದಿನ ಕೆಲಸದಿಂದ ದೂರವಿರಬೇಕು.

2. ಹಣ್ಣನ್ನು ಸಿಪ್ಪೆ ಸಹಿತವಾಗಿಯೇ ಕುಡಿಯುವ ನೀರಿನಲ್ಲಿ ತೊಳೆಯಬೇಕು. ಸಿಪ್ಪೆಯ ಮೇಲಿನ ಕೊಳೆ ಸುಲಿಯುವ ಕೈಯ ಮೂಲಕ ತಿರುಳಿಗೆ ಸೇರುತ್ತದೆ.

3. ಸಿಪ್ಪೆ ಸುಲಿದು ತುಕ್ಕು ಹಿಡಿಯದ ಸ್ಟೀಲ್ ಚಾಕುವಿನಿಂದ 5ರಿಂದ 6 ಮಿಲಿಮೀಟರ್ ದಪ್ಪದ ಹೋಳು ಮಾಡಬೇಕು. ಎಲ್ಲ ಹೋಳುಗಳ ದಪ್ಪವೂ ಒಂದೇ ಆಗಿರುವುದು ಮುಖ್ಯ. ತೆಳು ಹೋಳು ಸುಟ್ಟು ದಪ್ಪ ಹೋಳು ಹಸಿಯಾಗಿ ಉಳಿದರೆ, ಆ ಒಂದು ಹಸಿ ಹೋಳು ಇಡೀ ಡಬ್ಬಿಯನ್ನು ಕೆಡಿಸುತ್ತದೆ.

4. ಹೋಳು ಕಪ್ಪಾಗದಿರಲು ನಿಂಬೆರಸ ಮತ್ತು ನೀರನ್ನು ಸಮಭಾಗ ಬೆರೆಸಿ, ಅದರಲ್ಲಿ ಹತ್ತು ನಿಮಿಷ ಅದ್ದಿ ತೆಗೆದು ಸೋರಿಸಬೇಕು. ಕೆಲವರು ಇದಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬಳಸುತ್ತಾರೆ. ಅದು ಉಬ್ಬಸವಿರುವ ಕೆಲವರಿಗೆ ತೊಂದರೆ ಉಂಟುಮಾಡಬಲ್ಲದು. ಅದರ ಬಳಕೆಗೆ ಕಾನೂನಿನ ಮಿತಿಯಿದೆ. ಉಳಿಕೆಯು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಚೀಟಿಯಲ್ಲಿ ಮುದ್ರಿಸುವುದು ಕಡ್ಡಾಯ. ಅಳತೆಯ ಸಾಧನವಿಲ್ಲದ ಮನೆ ತಯಾರಿಕೆಯಲ್ಲಿ ಇದನ್ನು ಬಳಸದಿರುವುದೇ ಕ್ಷೇಮ. ಸುಕೇಳಿಯ ಬಣ್ಣ ಕಂದು. ಅದನ್ನು ತಿನ್ನುವವರು ಬಿಳುಪನ್ನು ಕೇಳಿದವರಲ್ಲ.

5. ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಜಾಲರಿಯ ತಟ್ಟೆಯಲ್ಲಿ ಹರಡಬೇಕು. ಜಾಲರಿಯು ಸ್ಟೀಲ್ ಅಥವಾ ಆಹಾರಕ್ಕೆ ಯೋಗ್ಯವಾದ ನೈಲಾನಿನದಾಗಿರಬೇಕು. ಕಿಟಕಿಗೆ ಹೊಡೆಯುವ ಸತುವಿನ ಲೇಪದ ತಂತಿ ಜಾಲರಿ, ತಾಮ್ರ ಮತ್ತು ಅಲ್ಯೂಮಿನಿಯಂ ಜಾಲರಿಗಳು ಹಣ್ಣಿನ ಹುಳಿಯೊಡನೆ ಸೇರಿ ಹಾನಿ ಮಾಡುತ್ತವೆ. ಒಂದು ಚದರ ಮೀಟರಿಗೆ 4ರಿಂದ 5 ಕಿಲೋ ಹೋಳು ಸಾಕು.

6. ತೆರೆದ ಬಿಸಿಲಿನಲ್ಲಾದರೆ ನೊಣ, ಧೂಳು ತಗಲದಂತೆ ಮೇಲೆ ಸೊಳ್ಳೆಪರದೆಯ ಬಟ್ಟೆ ಎಳೆದು ಕಟ್ಟಬೇಕು. ತಟ್ಟೆಯನ್ನು ನೆಲದಿಂದ ಎತ್ತರದಲ್ಲಿಟ್ಟರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಸಂಜೆ ಒಳಗೆ ತೆಗೆದಿಡಬೇಕು. ಇಲ್ಲದಿದ್ದರೆ ಇಬ್ಬನಿಯ ನೀರನ್ನು ಹಣ್ಣು ಮತ್ತೆ ಹೀರುತ್ತದೆ. ಬಿಸಿಲಿನಲ್ಲಿ ಎರಡರಿಂದ ನಾಲ್ಕು ದಿನ, 60 ಡಿಗ್ರಿಯ ಯಂತ್ರದಲ್ಲಿ ಸುಮಾರು 8ರಿಂದ 12 ಗಂಟೆ ಬೇಕಾಗುತ್ತದೆ.

ಪಟ್ಟಿ ಮಾಡುವುದಾದರೆ ಹಣ್ಣನ್ನು ರುಬ್ಬಿ, ಸೋಸಿ, ಕುದಿ ಬರುವ ಹಂತದವರೆಗೆ ಬಿಸಿ ಮಾಡಿ ಆರಿಸಿ, ತುಪ್ಪ ಸವರಿದ ಸ್ಟೀಲ್ ತಟ್ಟೆಯಲ್ಲಿ 3ರಿಂದ 5 ಮಿಲಿಮೀಟರ್ ದಪ್ಪಕ್ಕೆ ಹರಡಿ ಒಣಗಿಸಬೇಕು. ಬೆರಳಿನಿಂದ ಒತ್ತಿದಾಗ ಗುಳಿ ಬೀಳದೆ, ತಟ್ಟೆಯಿಂದ ಚರ್ಮದಂತೆ ಸುಲಿದು ಬಂದರೆ ಹದವಾಗಿದೆಯೆಂದು ತಿಳಿಯಬಹುದು.

ಒಣಗಿದೆಯೆಂದು ತಿಳಿಯುವುದು ಹೇಗೆ

ಈ ಕೆಲಸದಲ್ಲಿ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಣ್ಣಂದಾಜು, ಕೈಯಂದಾಜು ಅನುಭವಿಗಳಿಗೆ ಸಾಕಾಗಬಹುದು. ಹೊಸ ಸಂಘಕ್ಕೆ ತಕ್ಕಡಿಯೇ ಗುರು. ತೇವಾಂಶ ಅಳೆಯುವ ದುಬಾರಿ ಉಪಕರಣದ ಅಗತ್ಯವಿಲ್ಲ. ಸಿಪ್ಪೆ ತೆಗೆದ 1 ಕಿಲೋ ಬಾಳೆಹೋಳಿನಲ್ಲಿ ನೀರು ಸುಮಾರು 750 ಗ್ರಾಂ, ನೀರಲ್ಲದ ಸತ್ವ 250 ಗ್ರಾಂ. ಒಣಗುವಾಗ ಹೋಗುವುದು ನೀರು ಮಾತ್ರ. ಸತ್ವ ಹಾಗೆಯೇ ಉಳಿಯುತ್ತದೆ. ಕೊನೆಗೆ ತೇವಾಂಶ ನೂರಕ್ಕೆ 20 ಇರಬೇಕಾದರೆ ಈ 250 ಗ್ರಾಂ ಸತ್ವವು ಒಟ್ಟು ತೂಕದ ನೂರಕ್ಕೆ 80 ಭಾಗವಾಗಬೇಕು. ಅಂದರೆ ಒಟ್ಟು ತೂಕ ಸುಮಾರು 310 ಗ್ರಾಂ. ಹಸಿ ಹೋಳು ತುಂಬಿದಾಗ ಪ್ರತಿ ತಟ್ಟೆಯ ತೂಕ ಬರೆದಿಟ್ಟು, 1 ಕಿಲೋ ಹೋಳು 310 ಗ್ರಾಂಗೆ ಇಳಿಯುವವರೆಗೆ ಒಣಗಿಸಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. 400 ಗ್ರಾಂನಲ್ಲಿ ನಿಲ್ಲಿಸಿದರೆ ತೂಕದಲ್ಲಿ ಲಾಭವಾದಂತೆ ಕಂಡರೂ ಅದರಲ್ಲಿ ನೂರಕ್ಕೆ 37ರಷ್ಟು ನೀರು ಉಳಿದಿರುತ್ತದೆ. ಆ ಸರಕು ಬೂಷ್ಟು ಹಿಡಿದು ಹಿಂದಿರುಗುವುದು ನಿಶ್ಚಿತ.

ತೂಕ ಸರಿಯಾದ ಮೇಲೂ ಕೂಡಲೇ ಪೊಟ್ಟಣ ಕಟ್ಟಬಾರದು. ಹೋಳುಗಳನ್ನು ಆರಿಸಿ ಗಾಜಿನ ಭರಣಿಯಲ್ಲಿ ಮೂರನೇ ಎರಡು ಭಾಗದಷ್ಟು ತುಂಬಿ, ಮುಚ್ಚಿ, 7ರಿಂದ 10 ದಿನ ದಿನಕ್ಕೊಮ್ಮೆ ಕುಲುಕಬೇಕು. ಹೆಚ್ಚು ಒಣಗಿದ ಹೋಳು ಮತ್ತು ಕಡಿಮೆ ಒಣಗಿದ ಹೋಳುಗಳ ನಡುವೆ ತೇವ ಸಮನಾಗುತ್ತದೆ. ಗಾಜಿನ ಒಳಮೈಯಲ್ಲಿ ನೀರಿನ ಹನಿ ಕಂಡರೆ ಮತ್ತೆ ಒಣಗಿಸಬೇಕು. ಬೂಷ್ಟು ಕಂಡರೆ ಆ ಭರಣಿಯಲ್ಲಿರುವುದೆಲ್ಲವನ್ನೂ ಎಸೆಯಬೇಕು; ಕೆಟ್ಟ ಹೋಳನ್ನು ಆರಿಸಿ ತೆಗೆದು ಉಳಿದುದನ್ನು ಮಾರುವುದು ಸಲ್ಲದು. ತೆರೆದ ಬಿಸಿಲಿನಲ್ಲಿ ಒಣಗಿಸಿದ ಹಣ್ಣಿನಲ್ಲಿ ಕೀಟದ ಮೊಟ್ಟೆಗಳಿರುವ ಸಂಭವವಿದೆ. ಅದನ್ನು 70 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು ಅಥವಾ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತಕದಲ್ಲಿ ಎರಡು ದಿನ ಇಟ್ಟು ನಿವಾರಿಸಬಹುದು.

ಸೌರ ಪೆಟ್ಟಿಗೆಯೇ, ವಿದ್ಯುತ್ ಯಂತ್ರವೇ

ಸಿಪ್ಪೆ ಸಹಿತ 10 ಕಿಲೋ ಬಾಳೆಯಲ್ಲಿ ತಿರುಳು ಸುಮಾರು 6.5 ಕಿಲೋ. ಅದು ಒಣಗಿದಾಗ ದೊರೆಯುವುದು 2 ಕಿಲೋ. ಉಳಿದ 4.5 ಕಿಲೋ ನೀರು ಆವಿಯಾಗಬೇಕು. ಇದಕ್ಕೆ ಶಾಸ್ತ್ರದ ಪ್ರಕಾರ ಬೇಕಾದ ಶಾಖವು ಸುಮಾರು 3 ಯೂನಿಟ್ ವಿದ್ಯುತ್ತಿಗೆ ಸಮ. ಸಣ್ಣ ಯಂತ್ರಗಳಲ್ಲಿ ಬಹುಭಾಗ ಶಾಖವು ಬಿಸಿಗಾಳಿಯೊಡನೆ ಹೊರಹೋಗುವುದರಿಂದ ವಾಸ್ತವದಲ್ಲಿ 6ರಿಂದ 9 ಯೂನಿಟ್ ಬೇಕಾಗಬಹುದು.

ಇದೇ ಕೆಲಸವನ್ನು ಸೂರ್ಯನಿಂದ ಮಾಡಿಸಬಹುದು. ನಮ್ಮಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಶಕ್ತಿಯು ಸುಮಾರು 5 ಯೂನಿಟ್. ಅದರ ಕಾಲು ಭಾಗ ಬಳಕೆಯಾದರೂ ಎರಡೂವರೆ ಚದರ ಮೀಟರಿನ ಸೌರ ಪೆಟ್ಟಿಗೆಯು ಒಂದು ದಿನದ ಬಿಸಿಲಿನಷ್ಟೇ ಶಕ್ತಿಯಿಂದ 10 ಕಿಲೋ ಹಣ್ಣಿನ ನೀರನ್ನು ತೆಗೆಯಬಲ್ಲದು. ಹೋಳಿನ ಒಳಗಿನ ನೀರು ಹೊರಬರಲು ಕಾಲ ಬೇಕಾದುದರಿಂದ ರೂಢಿಯಲ್ಲಿ ಎರಡು ದಿನ ಹಿಡಿಯುತ್ತದೆ. ಒಳಗೆ ಕಪ್ಪು ಬಣ್ಣ ಬಳಿದ ತಗಡು, ಮೇಲೆ ಗಾಜು, ಕೆಳಗೆ ಗಾಳಿ ಒಳಬರುವ ಕಿಂಡಿ, ಮೇಲೆ ಆವಿ ಹೊರಹೋಗುವ ಕಿಂಡಿ, ಕಿಂಡಿಗಳಿಗೆ ಸೊಳ್ಳೆಪರದೆಯ ಜಾಲರಿ – ಇಷ್ಟಿದ್ದರೆ ಊರಿನ ಬಡಗಿಯೇ ಪೆಟ್ಟಿಗೆಯನ್ನು ಮಾಡಿಕೊಡಬಲ್ಲನು. ಮೇಲಿನ ಕಿಂಡಿಯನ್ನು ‘ಶಾಖ ಹೋಗುತ್ತದೆ’ ಎಂದು ಮುಚ್ಚುವುದು ಸಾಮಾನ್ಯ ತಪ್ಪು. ಅದನ್ನು ಮುಚ್ಚಿದರೆ ಹಣ್ಣು ಒಣಗದೆ ಬೇಯುತ್ತದೆ.

ಮಳೆಗಾಲದಲ್ಲಿಯೂ ಕೆಲಸ ನಡೆಯಬೇಕಾದರೆ ವಿದ್ಯುತ್ ಅಥವಾ ಸೌದೆಯ ಶಾಖದ ಆಸರೆ ಅನಿವಾರ್ಯ. ಆದರೆ ಯಂತ್ರ ಕೊಳ್ಳುವುದು ಮೊದಲ ಹೆಜ್ಜೆಯಾಗಬಾರದು. ಒಂದು ಋತುವಿನಲ್ಲಿ ಬಿಸಿಲಿನಲ್ಲಿ ಮಾಡಿ, ಮಾರಿ, ಕೊಂಡವರು ಮತ್ತೆ ಕೊಳ್ಳುವರೇ ಎಂಬುದನ್ನು ನೋಡಿದ ಮೇಲೆ ಯಂತ್ರದ ಮಾತು ಬರಬೇಕು.

ಲೆಕ್ಕ: ಕಾಣುವ ಖರ್ಚು ಮತ್ತು ಕಾಣದ ಖರ್ಚು

ನೆನಪಿಡಬೇಕಾದ ಸೂತ್ರ ಒಂದೇ: ಐದು ಕಿಲೋ ಬಾಳೆಗೆ ಒಂದು ಕಿಲೋ ಒಣಹಣ್ಣು. ಲೆಕ್ಕದ ಕ್ರಮವನ್ನು ತೋರಿಸುವ ಸಲುವಾಗಿ ಕೆಲವು ದರಗಳನ್ನು ಊಹಿಸಿಕೊಳ್ಳಲಾಗಿದೆ. ಸಂಘಗಳು ತಮ್ಮ ಊರಿನ ಅಂದಿನ ದರವನ್ನು ತುಂಬಿಕೊಳ್ಳಬೇಕು.

10 ಕಿಲೋ ಬಾಳೆ, ಕಿಲೋಗೆ 15 ರೂಪಾಯಿಯಂತೆ: 150 ರೂ.
ನಿಂಬೆ ಮತ್ತು ಇತರೆ: 30 ರೂ.
ವಿದ್ಯುತ್ 8 ಯೂನಿಟ್, 7 ರೂಪಾಯಿಯಂತೆ: 56 ರೂ.
100 ಗ್ರಾಂನ 20 ಪೊಟ್ಟಣ ಮತ್ತು ಚೀಟಿ, 5 ರೂಪಾಯಿಯಂತೆ: 100 ರೂ.
ಇಬ್ಬರ ಅರ್ಧ ದಿನದ ದುಡಿಮೆ, ತಲಾ 200 ರೂಪಾಯಿಯಂತೆ: 400 ರೂ.
ಒಟ್ಟು: 736 ರೂ.

ಇದರಂತೆ 100 ಗ್ರಾಂ ಪೊಟ್ಟಣಕ್ಕೆ ತಗಲುವ ವೆಚ್ಚ ಸುಮಾರು 37 ರೂಪಾಯಿ. ಸಾಗಣೆ, ಅಂಗಡಿಯವರ ಪಾಲು, ಸಾಲದ ಕಂತು ಇದರಲ್ಲಿ ಸೇರಿಲ್ಲ. ದುಡಿಮೆಯ 400 ರೂಪಾಯಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಪೊಟ್ಟಣದ ವೆಚ್ಚ 17 ರೂಪಾಯಿಯಾಗುತ್ತದೆ. ಆಗ 30 ರೂಪಾಯಿಗೆ ಮಾರಿದ ಸಂಘವು ಪೊಟ್ಟಣಕ್ಕೆ 13 ರೂಪಾಯಿ ಲಾಭವೆಂದು ವರದಿ ಬರೆಯುತ್ತದೆ. ವಾಸ್ತವದಲ್ಲಿ ಅದು 7 ರೂಪಾಯಿ ನಷ್ಟದಲ್ಲಿರುತ್ತದೆ, ಮತ್ತು ಆ ನಷ್ಟವನ್ನು ಭರಿಸುತ್ತಿರುವುದು ಬೆಳಗಿನ ಕೂಲಿಯನ್ನು ಬಿಟ್ಟು ಬಂದು ಹಣ್ಣು ಹೆಚ್ಚಿದ ಮಹಿಳೆ. ಅವಳ ಶ್ರಮಕ್ಕೆ ಬೆಲೆ ಹಾಕದ ಲೆಕ್ಕಪತ್ರವನ್ನು ಸದಸ್ಯರು ಒಪ್ಪಬಾರದು. ‘ಮನೆಯಲ್ಲೇ ಇರುತ್ತಾರಲ್ಲ’ ಎಂಬ ಮಾತು ಲೆಕ್ಕವಲ್ಲ.

ಇದೇ ಲೆಕ್ಕವು ದಾರಿಯನ್ನೂ ತೋರಿಸುತ್ತದೆ. ಖರ್ಚಿನ ಅರ್ಧಕ್ಕೂ ಹೆಚ್ಚು ಪಾಲು ದುಡಿಮೆಯದು. 10 ಕಿಲೋ ಬದಲು 30 ಕಿಲೋ ಹಣ್ಣನ್ನು ಒಟ್ಟಿಗೆ ಹಿಡಿದರೆ ದುಡಿಮೆಯ ಸಮಯ ಮೂರು ಪಟ್ಟಾಗುವುದಿಲ್ಲ. ತೊಳೆಯುವ, ಸಜ್ಜುಗೊಳಿಸುವ, ಕಾಯುವ ಕೆಲಸ ಬಹುತೇಕ ಅಷ್ಟೇ ಇರುತ್ತದೆ. ಆದುದರಿಂದ ನಾಲ್ಕು ಮನೆಗಳು ಬೇರೆಬೇರೆಯಾಗಿ ಮಾಡುವುದಕ್ಕಿಂತ ಒಂದೆಡೆ ಸೇರಿ ಮಾಡುವುದು ಲಾಭಕರ. ಹಣ್ಣಿನ ಬೆಲೆ ಕುಸಿದ ವಾರದಲ್ಲಿ ಹೆಚ್ಚು ಮಾಡಿ, ಏರಿದ ವಾರದಲ್ಲಿ ನಿಲ್ಲಿಸುವುದೂ ಈ ಲೆಕ್ಕದಿಂದಲೇ ತೋರುವ ವಿವೇಕ.

ಕಾನೂನು ಮತ್ತು ಚೀಟಿ

ಮನೆಯ ಬಳಕೆಗೆ ಮಾಡಿಕೊಳ್ಳಲು ಯಾವ ಅನುಮತಿಯೂ ಬೇಡ. ಮಾರುವುದಾದರೆ ಎಷ್ಟೇ ಸಣ್ಣ ಪ್ರಮಾಣವಿದ್ದರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಅಗತ್ಯ. 2011ರ ನಿಯಮಾವಳಿಯಂತೆ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ತಯಾರಕರಿಗೆ ಸರಳ ನೋಂದಣಿಯ ಅವಕಾಶ ಕಲ್ಪಿಸಲಾಗಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿಯಾಗಿತ್ತು. ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಬಹುದು. ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮಿತಿ ಮತ್ತು ಶುಲ್ಕವನ್ನು ನೋಡಿಕೊಳ್ಳಬೇಕು.

ಪೊಟ್ಟಣದ ಚೀಟಿಯಲ್ಲಿ ಪದಾರ್ಥದ ಹೆಸರು, ಬಳಸಿದ ಸಾಮಗ್ರಿಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕೆಂಬ ಸೂಚನೆ, ತಂಡದ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮತ್ತು ವಿಳಾಸ, ದೂರು ಸಲ್ಲಿಸಬೇಕಾದ ದೂರವಾಣಿ, ಸಸ್ಯಾಹಾರದ ಹಸಿರು ಗುರುತು ಮತ್ತು 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ತಂಡದ ಸಂಖ್ಯೆಯನ್ನು ಕೆಲವರು ಅನಗತ್ಯವೆಂದು ಭಾವಿಸುತ್ತಾರೆ. ಒಂದು ಪೊಟ್ಟಣದ ಬಗ್ಗೆ ದೂರು ಬಂದಾಗ ಅಂದು ಮಾಡಿದ 20 ಪೊಟ್ಟಣಗಳನ್ನು ಮಾತ್ರ ಹಿಂಪಡೆಯಬೇಕೇ ಅಥವಾ ತಿಂಗಳ ಸರಕನ್ನೆಲ್ಲ ಎಸೆಯಬೇಕೇ ಎಂಬುದನ್ನು ನಿರ್ಧರಿಸುವುದು ಆ ಸಂಖ್ಯೆಯೇ.

ನಂಜನಗೂಡು ರಸಬಾಳೆಯು ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ಸೊರಗು ರೋಗದಿಂದ ಅದರ ಬೆಳೆ ಬಹಳ ಕುಗ್ಗಿದೆ. ಬೇರೆ ಜಾತಿಯ ಬಾಳೆಯನ್ನು ಒಣಗಿಸಿ ಆ ಹೆಸರಿನಲ್ಲಿ ಮಾರುವುದು ಕಾನೂನಿಗೆ ವಿರುದ್ಧ. ಆ ಹೆಸರನ್ನು ಉಳಿಸಿಕೊಂಡು ಬಂದಿರುವ ಬೆಳೆಗಾರರಿಗೆ ಮಾಡುವ ಅನ್ಯಾಯವೂ ಹೌದು. ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಮಾತ್ರ ಆ ಹೆಸರನ್ನು ಬಳಸಬಹುದು.

ಚೀಟಿಯಲ್ಲಿ ‘ಆರೋಗ್ಯಕರ’, ‘ಸಕ್ಕರೆ ಕಾಯಿಲೆಯವರಿಗೆ ಉತ್ತಮ’ ಎಂಬಂಥ ಮಾತುಗಳನ್ನು ಮುದ್ರಿಸಬಾರದು. 100 ಗ್ರಾಂ ಒಣಬಾಳೆಯಲ್ಲಿ ಸಿಪ್ಪೆ ಸಹಿತ ಅರ್ಧ ಕಿಲೋ ಹಣ್ಣಿನ ಸಕ್ಕರೆಯಿದೆ. ಹಣ್ಣನ್ನು ತಿಂದರೆ ಹೊಟ್ಟೆ ತುಂಬಿತೆಂದು ಕೈ ನಿಲ್ಲುತ್ತದೆ. ಒಣಹಣ್ಣು ತಿನ್ನುವಾಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿ ಮಿತವಾಗಿ ತಿನ್ನಬೇಕು. ಚಿಕ್ಕ ಮಕ್ಕಳಿಗೆ ಗಟ್ಟಿ ಹೋಳು ಗಂಟಲಿಗೆ ಸಿಕ್ಕಿಕೊಳ್ಳಬಹುದಾದುದರಿಂದ ಸಣ್ಣದಾಗಿ ಹೆಚ್ಚಿ, ಹುರಿದು ಪುಡಿ ಮಾಡಿದ ಕಡಲೆಕಾಯಿಬೀಜ, ಎಳ್ಳು, ಕೊಬ್ಬರಿ, ರಾಗಿ ಹುರಿಹಿಟ್ಟಿನೊಡನೆ ಉಂಡೆ ಕಟ್ಟಿ ಕೊಡುವುದು ಉತ್ತಮ. ಬೆಲ್ಲದ ಪಾಕವಿಲ್ಲದೆ ಹಣ್ಣಿನ ಅಂಟಿನಿಂದಲೇ ಉಂಡೆ ನಿಲ್ಲುತ್ತದೆ.

ನೆರವು ಮತ್ತು ಮಾರುಕಟ್ಟೆ

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನ ಮಂತ್ರಿ ಯೋಜನೆಯು 2020ರಲ್ಲಿ ಆರಂಭವಾಯಿತು. ಒಂದು ಜಿಲ್ಲೆ ಒಂದು ಉತ್ಪನ್ನದ ಅಡಿ ಮೈಸೂರು ಜಿಲ್ಲೆಗೆ ಬಾಳೆಯನ್ನು ಗುರುತಿಸಲಾಗಿದೆ. ಈ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಹೊಂದಿಕೊಂಡಂತೆ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ರಾಜ್ಯ ಸರ್ಕಾರವು ಇನ್ನೂ ನೂರಕ್ಕೆ 15ರಷ್ಟನ್ನು ಸೇರಿಸಿತು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳದ ಅವಕಾಶವನ್ನೂ ಕಲ್ಪಿಸಲಾಯಿತು. ಅರ್ಜಿ ಸಲ್ಲಿಸುವ ಮುನ್ನ ಪ್ರಚಲಿತ ಮಾರ್ಗಸೂಚಿಯನ್ನು ಪರಿಶೀಲಿಸತಕ್ಕದ್ದು. ಸಹಾಯಧನದ ಹಿಂದೆ ಸಾಲವಿದೆಯೆಂಬುದನ್ನು, ಮತ್ತು ಕಂತು ಕಟ್ಟಬೇಕಾದವರು ಸಂಘದ ಸದಸ್ಯರೇ ಎಂಬುದನ್ನು ಗ್ರಾಮ ಸಭೆಯಲ್ಲಿ ಸ್ಪಷ್ಟವಾಗಿ ತಿಳಿಸಬೇಕು.

ಮಾರಾಟಕ್ಕೆ ಊರಿನ ಸಂತೆ, ಜಾತ್ರೆ, ಮೈಸೂರಿನ ದಸರಾ ವಸ್ತುಪ್ರದರ್ಶನ, ಸಂಜೀವಿನಿ ಒಕ್ಕೂಟಗಳ ಮೇಳಗಳು ಮೊದಲ ಮೆಟ್ಟಿಲು. ರೈಲ್ವೆ ಇಲಾಖೆಯು 2022ರಿಂದ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಯೋಜನೆಯಡಿ ಸ್ಥಳೀಯ ತಯಾರಕರಿಗೆ ನಿಲ್ದಾಣಗಳಲ್ಲಿ ಮಳಿಗೆ ನೀಡುವ ಕ್ರಮ ಕೈಗೊಂಡಿದೆ. ಚಾಮರಾಜಪುರಂನಂಥ ಬಡಾವಣೆಗಳ ತಿಂಡಿ ಅಂಗಡಿಗಳು, ವಸತಿ ನಿಲಯಗಳು ನಿಯಮಿತ ಗಿರಾಕಿಗಳಾಗಬಲ್ಲವು. ಆದರೆ ನಗರದ ಅಂಗಡಿಯು ಒಂದು ತಿಂಗಳು ಸರಕು ಬಂದು ಮರುತಿಂಗಳು ಬಾರದಿದ್ದರೆ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತದೆ. ತಪ್ಪದೆ ಒದಗಿಸಬಲ್ಲಷ್ಟನ್ನೇ ಒಪ್ಪಿಕೊಳ್ಳುವುದು ಜಾಣತನ.

ಗ್ರಾಮ ಪಂಚಾಯಿತಿಯು ಮಾಡಬಹುದಾದುದು

ಅ) ಬಳಕೆಯಿಲ್ಲದೆ ಬಿದ್ದಿರುವ ಪಂಚಾಯಿತಿ ಕಟ್ಟಡದ ಒಂದು ಕೋಣೆಯನ್ನು ಹಾಗೂ ಅದರ ತಾರಸಿಯನ್ನು ನಿಯಮಾನುಸಾರ ನಿರ್ಣಯದೊಂದಿಗೆ ಸಂಘಕ್ಕೆ ಒದಗಿಸುವುದು. ಶೌಚಾಲಯ ಮತ್ತು ಕೈ ತೊಳೆಯುವ ನೀರಿನ ವ್ಯವಸ್ಥೆ ಇರುವುದನ್ನು ಖಚಿತಪಡಿಸುವುದು.

ಆ) ಕುಡಿಯುವ ನೀರಿನ ಪರೀಕ್ಷೆಗಾಗಿ ಪಂಚಾಯಿತಿಯಲ್ಲಿರುವ ಪರೀಕ್ಷಾ ಕಿಟ್‌ನಿಂದ ಸಂಘ ಬಳಸುವ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಬರೆದಿಡುವುದು.

ಇ) ಬಾಳೆಸಿಪ್ಪೆಯು ದಿನವೂ ಹಣ್ಣಿನ ತೂಕದ ಮೂರನೇ ಒಂದು ಭಾಗದಷ್ಟು ಬೀಳುವುದರಿಂದ ಅದನ್ನು ಚರಂಡಿಗೆ ಹಾಕದೆ ಗೊಬ್ಬರದ ಗುಂಡಿಗೆ ಸಾಗಿಸುವ ಏರ್ಪಾಡು ಮಾಡುವುದು.

ಈ) ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ ತೋಟಗಾರಿಕೆ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ ಮತ್ತು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುವ ತರಬೇತಿಯ ಮಾಹಿತಿಯನ್ನು ಸಂಘಗಳಿಗೆ ತಲುಪಿಸುವುದು.

ಉ) ಯಂತ್ರಕ್ಕಾಗಿ ಸಾಲದ ಬೇಡಿಕೆ ಬಂದಾಗ ಮೂರು ದಾಖಲೆ ಕೇಳುವುದು: ಒಂದು ಋತುವಿನ ತೂಕದ ಪುಸ್ತಕ, ದುಡಿಮೆ ಸೇರಿಸಿದ ಲೆಕ್ಕ, ಮತ್ತು ಎರಡನೇ ಬಾರಿ ಕೊಂಡ ಗಿರಾಕಿಗಳ ಪಟ್ಟಿ. ಮೂರೂ ಇದ್ದರೆ ಧೈರ್ಯವಾಗಿ ಶಿಫಾರಸು ಮಾಡಬಹುದು. ಇಲ್ಲದಿದ್ದರೆ ಇನ್ನೊಂದು ಬೇಸಿಗೆ ಕಾಯುವಂತೆ ತಿಳಿಹೇಳುವುದೇ ಸಂಘಕ್ಕೆ ಮಾಡುವ ಉಪಕಾರ.

ಬೆಲೆ ಕುಸಿತವನ್ನು ಒಣಹಣ್ಣಿನ ತಯಾರಿಕೆಯೊಂದೇ ನೀಗಿಸಲಾರದು. ಲಾರಿಗಟ್ಟಲೆ ಉಳಿಯುವ ಬಾಳೆಯ ಮುಂದೆ ಒಂದು ಸಂಘದ 30 ಕಿಲೋ ಅಲ್ಪವೇ. ಆದರೂ ಹತ್ತು ಮಹಿಳೆಯರಿಗೆ ಊರಿನಲ್ಲೇ ನಿಗದಿತ ಕೂಲಿ ಹುಟ್ಟಿದರೆ, ಹೊಲದಲ್ಲಿ ಉಳಿಯುವ ಹಣ್ಣಿನ ಒಂದು ಪಾಲು ಬೆಲೆ ಕಂಡರೆ, ಊರಿನ ಮಕ್ಕಳ ಕೈಗೆ ಎಣ್ಣೆಯಲ್ಲಿ ಕರಿದ ಪೊಟ್ಟಣದ ಬದಲು ಊರಿನ ಹಣ್ಣೇ ಸಿಕ್ಕರೆ, ಆ ಪ್ರಯತ್ನ ಸಾರ್ಥಕ. ಆರಂಭಕ್ಕೆ ಬೇಕಾದುದು ಒಂದು ತಕ್ಕಡಿ, ನಾಲ್ಕು ತಟ್ಟೆ, ಒಂದು ಪುಸ್ತಕ ಮತ್ತು ಮುಂದಿನ ಬಿಸಿಲುಗಾಲ. ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಸಂಘಗಳೊಡನೆ ಈ ಅಂಶಗಳನ್ನು ಚರ್ಚಿಸಿ, ಆಸಕ್ತ ಸಂಘಗಳ ಪಟ್ಟಿಯನ್ನು ಮುಂಬರುವ ಗ್ರಾಮ ಸಭೆಯಲ್ಲಿ ಮಂಡಿಸುವುದು ಅಪೇಕ್ಷಣೀಯ.